ಸರಳು ಬಿಗಿದರೆ ಸಾವು ನಿಲ್ಲದು

ಮನೋರೋಗ ವಾರ್ಡುಗಳಲ್ಲಿ ಸಾವು ತಡೆಯಲು ಕಿಟಕಿಗೆ ಸರಳು ಬಿಗಿಯಿರಿ, ಮೂಲೆಮೂಲೆಗೂ ಕ್ಯಾಮೆರಾ ಹಾಕಿ ಎನ್ನುತ್ತದೆ ಕಳೆದ ಸಂಚಿಕೆಯ ಲೇಖನ. ಆತ್ಮಹತ್ಯೆಯ ಅಪಾಯ ನಿಜ, ಕಾವಲೂ ಬೇಕು. ಆದರೆ ಲೇಖಕರಿಗೆ ಬೇರೆ ಸಾವುಗಳು ಕಂಡೇ ಇಲ್ಲ!

ಕ್ಲೋಜಪಿನ್ ಮಾತ್ರೆಯನ್ನೇ ನೋಡಿ. ಬೇರೆ ಔಷಧಿಗಳಿಗೆ ಬಗ್ಗದ ಸ್ಕಿಜೋಫ್ರೇನಿಯಾಕ್ಕೆ ಅದೇ ದಿಕ್ಕು. ಬಿಳಿ ರಕ್ತಕಣ ಕುಸಿದೀತೆಂದು ರಕ್ತಪರೀಕ್ಷೆ ಮಾಡಿಸುತ್ತಾರೆ, ಸರಿ. ಅದೇ ಮಾತ್ರೆ ಕರುಳಿನ ಚಲನೆಯನ್ನು ಕುಗ್ಗಿಸಿ, ಬರೀ ಮಲಬದ್ಧತೆ ಎನ್ನುವಷ್ಟರಲ್ಲಿ ಜೀವಕ್ಕೇ ಎರವಾಗಬಲ್ಲದು. ‘ಇವತ್ತು ಕಕ್ಕಸಿಗೆ ಹೋದಿರಾ?’ ಎಂದು ದಿನವೂ ಕೇಳುವವರು ಬೇಕು, ಕೇಳಲು ನಾಚಿಕೆಯೇಕೋ! ಕ್ಯಾಟಟೋನಿಯಾದಲ್ಲಿ ಮರಗಟ್ಟಿ ಮಲಗಿದವರ, ಮಂಚಕ್ಕೆ ಕಟ್ಟಿಸಿಕೊಂಡವರ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ಆ ಹೆಪ್ಪು ಶ್ವಾಸಕೋಶಕ್ಕೇರಿದರೆ ಉಳಿಯುವುದು ಕಷ್ಟ. ಮದ್ದಿನ ಮಂಪರಿನಲ್ಲಿ ಉಂಡ ತುತ್ತು ಗಂಟಲಲ್ಲಿ ಸಿಕ್ಕುವುದುಂಟು. ನ್ಯುಮೋನಿಯಾ, ಹೃದಯಾಘಾತಗಳಂತೂ ಇದ್ದೇ ಇವೆ. ಸರಳು ಇವುಗಳಲ್ಲಿ ಯಾವುದನ್ನು ತಡೆಯುತ್ತದೆ?

ರೋಗಿ ಎದೆನೋವು ಎಂದರೆ ‘ಭ್ರಮೆ’, ಉಸಿರುಕಟ್ಟುತ್ತಿದೆ ಎಂದರೆ ‘ಗಾಬರಿ’ ಎಂದು ತಳ್ಳಿಹಾಕುವ ಚಾಳಿಯೇ ದೊಡ್ಡ ಅಪಾಯ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮನೋರೋಗಿಗೂ ದೇಹರೋಗಿಗೂ ಚಿಕಿತ್ಸೆಯಲ್ಲಿ ಸಮಾನತೆ ನೀಡಿದೆ. ಲೇಖಕರು ಕೇಳಬೇಕಿದ್ದುದು ವಾರ್ಡಿಗೊಂದು ಇಸಿಜಿ ಯಂತ್ರವನ್ನು, ರಾತ್ರಿ ಪಾಳಿಗೊಬ್ಬ ಫಿಜಿಷಿಯನ್‌ನನ್ನು.