ಮನೆಬಾಗಿಲಿಗೆ ಬರುವ ಹಬ್ಬದ ಹಾಡು

ಕಡೂರಿನ ತಾಯಿಯೊಬ್ಬರು ಪತ್ರ ಬರೆದಿದ್ದಾರೆ. ಅವರ ಮಗಳು ಏಳನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಡಿಸೆಂಬರ್ ಬಂತೆಂದರೆ ಶಾಲೆಯಲ್ಲಿ ಕ್ರಿಸ್‌ಮಸ್ ಕಾರ್ಯಕ್ರಮ. "ವರ್ಷವೂ ಜಿಂಗಲ್ ಬೆಲ್ಸ್ ಹಾಡಿ ಮಕ್ಕಳಿಗೂ ಬೇಸರ, ಕೇಳುವ ನಮಗೂ ಬೇಸರ. ಹೆಚ್ಚು ಜನಕ್ಕೆ ಗೊತ್ತಿಲ್ಲದ ಹಳೆಯ ಇಂಗ್ಲಿಷ್ ಜನಪದ ಹಾಡುಗಳು ಇವೆಯೇ? ವಿಜ್ಞಾನದ ಮೇಷ್ಟ್ರಿಗೆ ಇಂಥ ಪ್ರಶ್ನೆ ಕೇಳಬಹುದೋ ಇಲ್ಲವೋ ಗೊತ್ತಿಲ್ಲ" ಎಂದು ಸಂಕೋಚದಿಂದಲೇ ಕೇಳಿದ್ದಾರೆ.

ಧಾರಾಳವಾಗಿ ಕೇಳಬಹುದು. ಆ ಹಾಡುಗಳನ್ನು ಮೊದಮೊದಲು ಹುಡುಕಿ ಅಚ್ಚು ಹಾಕಿಸಿದವರಲ್ಲಿ ಒಬ್ಬರು ವಿಜ್ಞಾನದ ಕಡೆಯವರೇ. ಅವರ ಹೆಸರು ಡೇವಿಸ್ ಗಿಲ್ಬರ್ಟ್. ಗಣಿ ಕೆಲಸಗಾರರಿಗಾಗಿ ಸುರಕ್ಷಾ ದೀಪ ಕಂಡುಹಿಡಿದ ಹಂಫ್ರಿ ಡೇವಿಯ ಹೆಸರನ್ನು ಮಕ್ಕಳು ಕೇಳಿರುತ್ತೀರಿ. ಡೇವಿ ಇನ್ನೂ ಹುಡುಗನಾಗಿದ್ದಾಗ ಅವನ ಬುದ್ಧಿಯನ್ನು ಗುರುತಿಸಿ ಬೆನ್ನು ತಟ್ಟಿದವರು ಈ ಗಿಲ್ಬರ್ಟ್. ಮುಂದೆ 1827ರಲ್ಲಿ ಡೇವಿಯ ನಂತರ ಲಂಡನ್ನಿನ ರಾಯಲ್ ಸೊಸೈಟಿಗೆ ಅವರೇ ಅಧ್ಯಕ್ಷರಾದರು. ಇಂಗ್ಲೆಂಡಿನ ಪಶ್ಚಿಮ ತುದಿಯ ಕಾರ್ನ್‌ವಾಲ್ ಅವರ ಸೀಮೆ. ಹಿಂದೆ ಕ್ರಿಸ್‌ಮಸ್ ಮುನ್ನಾದಿನದ ರಾತ್ರಿ ಮನೆಗಳಲ್ಲಿ, ಮರುದಿನ ಚರ್ಚುಗಳಲ್ಲಿ ಹಾಡುತ್ತಿದ್ದ ಹಾಡುಗಳು ನಿಂತುಹೋಗುತ್ತಿರುವುದನ್ನು ಕಂಡು 1822ರಲ್ಲಿ ಅವನ್ನು ರಾಗದ ಸಮೇತ ಒಂದು ಸಣ್ಣ ಪುಸ್ತಕವಾಗಿ ಹೊರತಂದರು.

ಇನ್ನು ಜಿಂಗಲ್ ಬೆಲ್ಸ್ ವಿಚಾರ. ಅದು ಇಂಗ್ಲೆಂಡಿನದೂ ಅಲ್ಲ, ಜನಪದವೂ ಅಲ್ಲ. ಅಮೆರಿಕದ ಜೇಮ್ಸ್ ಪಿಯರ್‌ಪಾಂಟ್ ಎಂಬಾತ ಬರೆದು 1857ರಲ್ಲಿ ಪ್ರಕಟಿಸಿದ ಹಾಡು. ಅದರಲ್ಲಿ ಕ್ರಿಸ್‌ಮಸ್ ಎಂಬ ಮಾತೇ ಬರುವುದಿಲ್ಲ. ಇರುವುದೆಲ್ಲ ಹಿಮದ ಮೇಲೆ ಕುದುರೆಬಂಡಿ ಓಡಿಸುವ ಹುಡುಗಾಟ. ಸೈಲೆಂಟ್ ನೈಟ್ ಆಸ್ಟ್ರಿಯಾ ದೇಶದ್ದು, 1818ರದು. ನಮ್ಮ ಶಾಲೆಗಳಲ್ಲಿ ಈ ಎರಡನ್ನು ಬಿಟ್ಟು ಮೂರನೆಯದು ಕೇಳಿಸುವುದು ಅಪರೂಪ.

ನಿಜವಾಗಿ ಹಳ್ಳಿಗರ ಬಾಯಿಂದ ಬಂದವು ಬೇಕೆಂದರೆ ಮೂರರ ಹೆಸರು ಹೇಳುತ್ತೇನೆ. ಒಂದು, ಸಸೆಕ್ಸ್ ಕ್ಯಾರಲ್. 1904ರ ಮೇ ತಿಂಗಳಲ್ಲಿ ರಾಲ್ಫ್ ವಾನ್ ವಿಲಿಯಮ್ಸ್ ಎಂಬ ಸಂಗೀತಗಾರ ಹಾರ್ಶಮ್ ಪಟ್ಟಣದ ಹತ್ತಿರದ ಮಾಂಕ್ಸ್ ಗೇಟ್ ಎಂಬ ಹಳ್ಳಿಯಲ್ಲಿ ಹ್ಯಾರಿಯೆಟ್ ವೆರಾಲ್ ಎಂಬ ಹೆಂಗಸು ಹಾಡಿದ್ದನ್ನು ಕೇಳಿ ಬರೆದುಕೊಂಡದ್ದು. ಎರಡನೆಯದು ಚೆರ್ರಿ ಮರದ ಹಾಡು. ಗರ್ಭಿಣಿ ಮೇರಿಗೆ ಹಣ್ಣು ತಿನ್ನುವ ಆಸೆ. ಜೋಸೆಫ್ ಸಿಡುಕಿ ಕಿತ್ತುಕೊಡಲಾರೆ ಎನ್ನುತ್ತಾನೆ. ಮರವೇ ಬಾಗಿ ಅವಳ ಕೈಗೆ ಹಣ್ಣು ಕೊಡುತ್ತದೆ. ಬಸುರಿಯ ಬಯಕೆಯ ಹಾಡು ಕೇಳಿ ಬೆಳೆದ ನಮ್ಮ ಅಜ್ಜಿಯರಿಗೆ ಈ ಕಥೆ ಹೇಳಿ ನೋಡಿ, ಅದು ಪರದೇಶದ್ದೆಂದು ಅವರು ನಂಬುವುದಿಲ್ಲ.

ಮೂರನೆಯದೇ ನನಗೆ ಬಹಳ ಇಷ್ಟ: ಗ್ಲಾಸ್ಟರ್‌ಶೈರ್ ವಾಸೇಲ್. ವಾಸೇಲ್ ಎಂದರೆ 'ಆರೋಗ್ಯವಾಗಿರಿ' ಎಂಬ ಹಳೆಯ ಹಾರೈಕೆ. ಚಳಿಗಾಲದ ರಾತ್ರಿ ಒಂದು ಗುಂಪು ಮರದ ಬಟ್ಟಲು ಹಿಡಿದು ಮನೆಮನೆಗೆ ಹೋಗುತ್ತದೆ. ಬಾಗಿಲಲ್ಲಿ ನಿಂತು ಹಾಡುತ್ತದೆ. ಮನೆಯವರು ಬಾಗಿಲು ತೆಗೆದು ಬಟ್ಟಲಿಗೆ ಪಾನೀಯ ತುಂಬಬೇಕು. ಹಾಡಿನಲ್ಲಿ ಹರಸುವುದು ಮನೆಯ ಯಜಮಾನನನ್ನಷ್ಟೇ ಎಂದುಕೊಳ್ಳಬೇಡಿ. ಅವನ ಕುದುರೆ, ಹಸುಗಳನ್ನೂ ಒಂದೊಂದಾಗಿ ಹೆಸರು ಹಿಡಿದು ಹರಸುತ್ತಾರೆ. ಪುಣ್ಯಕೋಟಿಯ ಕಥೆಯಲ್ಲಿ ಗೊಲ್ಲ ತನ್ನ ಹಸುಗಳನ್ನು ಹೆಸರು ಹಿಡಿದು ಕರೆಯುವುದಿಲ್ಲವೇ, ಹಾಗೆ. ಅಮೃತಮಹಲ್ ದನಗಳ ಊರಾದ ಅಜ್ಜಂಪುರದ ಮಕ್ಕಳು ಈ ಹಾಡನ್ನು ಕಲಿತರೆ ಚೆನ್ನಾಗಿ ಒಪ್ಪುತ್ತದೆ.

ಈ ಹಾಡುಗಳು ಗ್ರಂಥಾಲಯದ ಕಪಾಟಿನಲ್ಲಿ ಸಿಕ್ಕಿದವಲ್ಲ ಎಂಬುದನ್ನು ಗಮನಿಸಬೇಕು. ಸೆಸಿಲ್ ಶಾರ್ಪ್ ಎಂಬ ಸಂಗೀತದ ಮೇಷ್ಟ್ರು ಹಳ್ಳಿಹಳ್ಳಿ ತಿರುಗಿ ವಯಸ್ಸಾದವರ ಮುಂದೆ ಕೂತು ಬರೆದುಕೊಂಡರು. ಇಂದು ಜಗತ್ತಿಗೆಲ್ಲ ಗೊತ್ತಿರುವ ಹಾಲಿ ಮತ್ತು ಐವಿ ಹಾಡಿನ ರಾಗ ಅವರಿಗೆ 1909ರಲ್ಲಿ ಚಿಪ್ಪಿಂಗ್ ಕ್ಯಾಂಪ್‌ಡೆನ್ ಎಂಬ ಊರಿನ ಒಬ್ಬ ಹೆಂಗಸಿನಿಂದ ಸಿಕ್ಕಿತು. ಆ ದಿನ ಆಕೆ ಊರಲ್ಲಿಲ್ಲದಿದ್ದರೆ? ಪರ್ಸಿ ಗ್ರೇಂಜರ್ ಎಂಬಾತ 1906ರಲ್ಲಿ ಮೇಣದ ಉರುಳೆಯ ಯಂತ್ರವನ್ನೇ ಹೊತ್ತುಕೊಂಡು ಹೋದ. ಕೊಳವೆಯೊಳಗೆ ಹಾಡಿದರೆ ತೆಳುವಾದ ಪೊರೆ ಅದುರುತ್ತದೆ. ಅದಕ್ಕೆ ಕೂಡಿಸಿದ ಮೊನೆ ತಿರುಗುವ ಮೇಣದ ಮೇಲೆ ಹೆಚ್ಚು ಕಡಿಮೆ ಆಳದ ಗೀರು ಕೊರೆಯುತ್ತದೆ. ಅದೇ ಗೀರಿನಲ್ಲಿ ಮೊನೆ ಮತ್ತೆ ಓಡಿದರೆ ದನಿ ತಿರುಗಿ ಬರುತ್ತದೆ. ಹೀಗೆ ಜೋಸೆಫ್ ಟೇಲರ್ ಎಂಬ ಎಪ್ಪತ್ತು ದಾಟಿದ ಮುದುಕನ ಹಾಡನ್ನು ಹಿಡಿದಾಗ ಗ್ರೇಂಜರ್‌ಗೆ ಒಂದು ಸಂಗತಿ ಕಂಡಿತು. ಮುದುಕ ಪ್ರತಿ ನುಡಿಯಲ್ಲೂ ರಾಗವನ್ನು ಸ್ವಲ್ಪ ಬದಲಿಸುತ್ತಿದ್ದ. ಅದು ಮರೆವಲ್ಲ, ಅವನ ಕಲೆ. ಕಾಗದದ ಮೇಲೆ ಒಂದೇ ಸಲ ಸ್ವರ ಬರೆದುಕೊಂಡವರಿಗೆ ಅದು ಸಿಕ್ಕಿರಲಿಲ್ಲ.

ಮನೆಮನೆಗೆ ಹೋಗಿ ಬಾಗಿಲು ತೆಗೆಸುವ ಗುಂಪಿನ ಸುದ್ದಿ ಬಂದಾಗಲೇ ತರೀಕೆರೆಯ ಮಲೆನಾಡಿನ ಮಗ್ಗುಲಿನ ಓದುಗರಿಗೆ ನೆನಪಾಗಿರಬೇಕು. ಹೌದು, ದೀಪಾವಳಿಯ ಅಂಟಿಗೆ ಪಂಟಿಗೆ. ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಮಲೆನಾಡಿನಲ್ಲಿ ಬಲಿಪಾಡ್ಯಮಿಯ ಸುಮಾರಿಗೆ ಊರ ದೇವರ ಗುಡಿಯಲ್ಲಿ ದೀಪ ಹಚ್ಚಿಕೊಂಡು ಗಂಡಸರ ತಂಡ ಹೊರಡುತ್ತದೆ. ಗದ್ದೆ ಬದು ದಾಟಿ, ಹಳ್ಳ ದಾಟಿ, ರಾತ್ರಿಯಿಡೀ ಮನೆಯಿಂದ ಮನೆಗೆ ನಡಿಗೆ. ದೀಪ ಆರಕೂಡದು. ಬಾಗಿಲು ತೆಗೆಸುವುದಕ್ಕೆ ಒಂದು ಪದ, ದೀಪಕ್ಕೆ ಎಣ್ಣೆ ಎರೆಯುವುದಕ್ಕೆ ಒಂದು, ಬಲೀಂದ್ರನ ಕಥೆಗೆ ಒಂದು, ಹೊರಡುವಾಗ ಹರಸುವುದಕ್ಕೆ ಇನ್ನೊಂದು. ಮನೆಯವರು ಆ ದೀಪದಿಂದ ತಮ್ಮ ದೀಪ ಹಚ್ಚಿಕೊಂಡು ಅಕ್ಕಿ, ಕಾಯಿ, ಕಾಸು, ಹಬ್ಬದ ಕಜ್ಜಾಯ ಕೊಡುತ್ತಾರೆ. ಮುಂದಿನವರು ಒಂದು ಸಾಲು ಎತ್ತಿಕೊಟ್ಟರೆ ಹಿಂದಿನವರು ಅದನ್ನೇ ಹೇಳುತ್ತಾರೆ. ರಾತ್ರಿಯೆಲ್ಲ ನಡೆದು ಹಾಡುವವರಿಗೆ ಉಸಿರು ತಿರುಗಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಏರ್ಪಾಡು ಇರಲಾರದು ಎಂದು ಜೀವಶಾಸ್ತ್ರ ಪಾಠ ಮಾಡುವ ನನಗೆ ಅನ್ನಿಸುತ್ತದೆ.

ಬಟ್ಟಲಿನ ಜಾಗದಲ್ಲಿ ದೀಪ, ಅಷ್ಟೇ ವ್ಯತ್ಯಾಸ. ಇಂಗ್ಲೆಂಡಿನವರಿಂದ ನಾವು ಕಲಿತದ್ದೂ ಅಲ್ಲ, ನಮ್ಮಿಂದ ಅವರು ಕಲಿತದ್ದೂ ಅಲ್ಲ. ಸುಗ್ಗಿಯ ಹೊತ್ತು, ಕತ್ತಲು, ಚಳಿ, ಮನೆ ತುಂಬ ಧಾನ್ಯ. ಇವು ಕೂಡಿದ ಕಡೆ ಜನ ಒಬ್ಬರ ಬಾಗಿಲಿಗೆ ಒಬ್ಬರು ಹಾಡಿಕೊಂಡು ಹೋಗಿದ್ದಾರೆ.

ನಮ್ಮಲ್ಲೇ ಇನ್ನೊಂದಿದೆ, ಅದು ಇನ್ನೂ ಕಡಿಮೆ ಜನಕ್ಕೆ ಗೊತ್ತು. ಕಡೂರು, ತರೀಕೆರೆ, ಅಜ್ಜಂಪುರ ಈ ಮೂರೂ ಕಡೆ ಲಂಬಾಣಿ ತಾಂಡಾಗಳಿವೆ. ದೀಪಾವಳಿ ಅಮಾವಾಸ್ಯೆಯ ರಾತ್ರಿ ತಾಂಡಾದ ಮದುವೆಯಾಗದ ಹೆಣ್ಣುಮಕ್ಕಳು ಕೈಯಲ್ಲಿ ದೀಪ ಹಿಡಿದು ಮೊದಲು ನಾಯಕರ ಮನೆಗೆ, ಆಮೇಲೆ ಪ್ರತಿ ಮನೆಗೆ ಹೋಗಿ ಹರಸಿ ಹಾಡುತ್ತಾರೆ. ಇದಕ್ಕೆ ಮೇರಾ ಎನ್ನುತ್ತಾರೆ. ಮರುದಿನ ಬುಟ್ಟಿ ಹಿಡಿದು ಕಾಡಿಗೆ ಹೋಗಿ ಹೂ ತರುತ್ತಾರೆ. ಆ ವರ್ಷ ಮದುವೆ ಗೊತ್ತಾದ ಹುಡುಗಿಗೆ ಅದೇ ತೌರಿನ ಕೊನೆಯ ಮೇರಾ; ಗೆಳತಿಯರು ತಬ್ಬಿಕೊಂಡು ಅಳುವುದೂ ಹಾಡಿನಲ್ಲೇ.

ನಾನು ಪಾಠ ಹೇಳಿದ ಒಂದು ಶಾಲೆಯಲ್ಲಿ, ಹಬ್ಬದ ರಜೆ ಮುಗಿಸಿ ಬಂದ ಮಕ್ಕಳನ್ನು ಯಾರು ಯಾವ ಹಾಡು ಕೇಳಿದಿರಿ ಎಂದು ಕೇಳಿದೆ. ಸಿನಿಮಾ ಹಾಡುಗಳ ಪಟ್ಟಿಯೇ ಬಂತು. ಹಿಂದಿನ ಬೆಂಚಿನ ತಾಂಡಾದ ಹುಡುಗಿ ಮಾತ್ರ ತಲೆ ತಗ್ಗಿಸಿದ್ದಳು. ಬಿಡುವಿನ ವೇಳೆ ಕರೆದು ವಿಚಾರಿಸಿದರೆ, "ಅದು ನಮ್ಮ ತಾಂಡಾದ್ದು ಸಾರ್, ಕ್ಲಾಸಲ್ಲಿ ಹೇಳಿದರೆ ನಗ್ತಾರೆ" ಎಂದಳು. ಇಪ್ಪತ್ತಕ್ಕಿಂತ ಹೆಚ್ಚು ನುಡಿ ಅವಳಿಗೆ ಬಾಯಿಪಾಠವಿತ್ತು. ಪದ್ಯಭಾಗದ ಎರಡು ಚರಣ ಕಂಠಪಾಠ ಮಾಡದ ಹುಡುಗಿ ಎಂದು ಅವಳಿಗೆ ಶಾಲೆಯಲ್ಲಿ ಹೆಸರು. ಲಂಬಾಣಿ ಮಾತಿಗೆ ಸ್ವಂತ ಲಿಪಿಯಿಲ್ಲ. ನಮ್ಮ ಕನ್ನಡ ಅಕ್ಷರದಲ್ಲೇ ಬರೆಯಲು ಹೇಳಿದೆ. ಎರಡು ವಾರ ಹಿಡಿಯಿತು, ಬರೆದಳು. ಅರ್ಥ ಹೇಳುವುದಕ್ಕೆ ಅವಳ ತಾಯಿ ಶಾಲೆಯ ಗೇಟಿನವರೆಗೂ ಬಂದರು, ಒಳಗೆ ಬರಲಿಲ್ಲ.

ಇನ್ನೊಂದು ಸಂಗತಿ. ಅಂಟಿಗೆ ಪಂಟಿಗೆಯಲ್ಲಿ ಸಾಲು ಎತ್ತಿಕೊಡುತ್ತಿದ್ದ ಹಿರಿಯರೊಬ್ಬರ ಬಳಿಗೆ ಇಬ್ಬರು ಹುಡುಗರನ್ನು ಕಳಿಸಿದ್ದೆ. "ಅಜ್ಜ, ಪದ ಹೇಳಿ, ಬರ್ಕೋತೀವಿ" ಎಂದರೆ ಅಜ್ಜನಿಗೆ ನಾಲ್ಕು ಸಾಲಿನ ಮುಂದೆ ಬರಲೇ ಇಲ್ಲ. ಜೊತೆಗಾರ ತೀರಿಕೊಂಡು ಮೂರು ವರ್ಷವಾಗಿತ್ತು; ತಂಡ ಹೊರಡುವುದೂ ನಿಂತಿತ್ತು. ಹುಡುಗರು ಪುಸ್ತಕ ಮುಚ್ಚಿದರು. ಅಷ್ಟರಲ್ಲಿ ಒಬ್ಬ ಹುಡುಗ ಸುಮ್ಮನೆ ಕೊನೆಯ ಸಾಲನ್ನು ರಾಗವಾಗಿ ತಿರುಗಿ ಹೇಳಿದನಂತೆ. ಥಟ್ಟನೆ ಅಜ್ಜನಿಗೆ ಐದನೆಯ ಸಾಲು ಬಂತು. ಮತ್ತೆ ಹೇಳಿದ, ಆರನೆಯದು ಬಂತು. ರಾತ್ರಿ ಊಟದ ಹೊತ್ತಿಗೆ ಬಲೀಂದ್ರನ ಪದ ಪೂರ್ತಿ ಸಿಕ್ಕಿತ್ತು. ಆ ಹಾಡು ಅಜ್ಜನ ತಲೆಯಲ್ಲಿ ಒಂಟಿಯಾಗಿ ಇರಲಿಲ್ಲ, ಹೇಳುವವರು ಮತ್ತು ತಿರುಗಿ ಹೇಳುವವರ ನಡುವೆ ಇತ್ತು. ಆದ್ದರಿಂದ ಹಾಡು ಕೇಳಲು ಹೋಗುವ ಮಕ್ಕಳು ಪೆನ್ನು ತೆರೆಯುವ ಮೊದಲು ಬಾಯಿ ತೆರೆಯಬೇಕು.

ಕನ್ನಡದಲ್ಲಿ ಈ ಕೆಲಸ ಹೊಸದಲ್ಲ. ಜೆ.ಎಫ್. ಫ್ಲೀಟ್ 1885ರಿಂದಲೇ ನಮ್ಮ ಲಾವಣಿಗಳನ್ನು ಅಚ್ಚು ಮಾಡಿಸಿದರು. ವಿಜಾಪುರ ಜಿಲ್ಲೆಯ ಹಲಸಂಗಿಯ ಗೆಳೆಯರು 1931ರಲ್ಲಿ ಗರತಿಯ ಹಾಡು ಹೊರತಂದರು. ಗೊರೂರರ ಹಳ್ಳಿಯ ಹಾಡುಗಳು ಬಂದದ್ದೂ ಅದೇ ದಶಕದಲ್ಲಿ. ಆದರೆ ಬೀರೂರಿನಲ್ಲಿ ರೈಲು ಹಳಿ ಎರಡಾಗಿ ಒಂದು ತರೀಕೆರೆಯ ಮೇಲೆ ಮಲೆನಾಡಿಗೆ, ಇನ್ನೊಂದು ಅಜ್ಜಂಪುರದ ಮೇಲೆ ಬಯಲಿಗೆ ಹೋಗುವ ಹಾಗೆ, ನಮ್ಮ ಹಾಡುಗಳೂ ಹತ್ತು ಮೈಲಿಗೆ ಬೇರೆಯಾಗುತ್ತವೆ. ಪುಸ್ತಕದಲ್ಲಿರುವುದೇ ಸರಿ, ನಮ್ಮ ಊರಿನದು ತಪ್ಪು ಎಂದು ತಿದ್ದಬೇಡಿ. ಇಂಗ್ಲೆಂಡಿನ ಷೆಫೀಲ್ಡ್ ಸುತ್ತಿನ ಹಳ್ಳಿಗಳಲ್ಲಿ ಕುರುಬರ ಕ್ರಿಸ್‌ಮಸ್ ಹಾಡು ಒಂದೇ. ಅದಕ್ಕೆ ರಾಗಗಳು ಹಲವು, ಒಂದೊಂದು ಹಳ್ಳಿಗೂ ತನ್ನದೇ ಮೆಚ್ಚಿನದು. ಯಾವುದು ಸರಿ ಎಂದು ಅಲ್ಲಿ ಯಾರೂ ಜಗಳವಾಡುವುದಿಲ್ಲ. (ಆಡಿದರೂ ಅದು ಊರಿನ ಅಭಿಮಾನದ ಜಗಳ.)

ಮತ್ತೊಂದು ಕಡೆ ನನ್ನ ಕಣ್ಣಿದೆ. ಭದ್ರಾ ಅಭಯಾರಣ್ಯದೊಳಗಿನ ಹಳ್ಳಿಗಳ ಕುಟುಂಬಗಳನ್ನು 2002ರ ಸುಮಾರಿಗೆ ಹೊರಗೆ ತಂದು ನೆಲೆಗೊಳಿಸಿದಾಗ ಬಹಳಷ್ಟು ಮನೆಗಳವರು ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಗೆ ಬಂದರು. ಪಾತ್ರೆ ಪರಡಿ, ದನಕರುಗಳ ಜೊತೆ ಯಾವ ಹಾಡು ಬಂತು, ಯಾವುದು ಕಾಡಿನಲ್ಲೇ ಉಳಿಯಿತು? ಅಲ್ಲಿಯ ಶಾಲೆಯ ಮಕ್ಕಳು ಇದನ್ನು ತಮ್ಮ ಮನೆಯ ಜಗುಲಿಯಲ್ಲೇ ಕೂತು ಕೇಳಬಹುದು. ಕಾಡಿನ ಹಳ್ಳಿಯಲ್ಲಿ ಹುಟ್ಟಿ ಬೆಳೆದವರಿಗೆ ವಯಸ್ಸಾಗುತ್ತಿದೆ.

"ಅಂಕ ಬರುತ್ತದೆಯೇ ಸಾರ್?" ಎಂದು ತಂದೆ ತಾಯಿಯರು ಕೇಳುತ್ತಾರೆ. ಬರುವುದಿಲ್ಲ. ವಾರ್ಷಿಕೋತ್ಸವಕ್ಕೆ ಬಾಡಿಗೆ ಸೀರೆ ಉಡಿಸಿ, ಜೋರು ತಾಳದ ರೆಕಾರ್ಡಿಗೆ 'ಜನಪದ ನೃತ್ಯ' ಮಾಡಿಸಲು ಖರ್ಚಾಗುವ ಮೂರು ವಾರದಲ್ಲಿ ಎರಡು ಸಂಜೆ ಕೊಟ್ಟರೆ ಸಾಕು.

ಮಾಡುವ ರೀತಿ ಸಸ್ಯಗಳನ್ನು ಒಣಗಿಸಿ ಹಾಳೆಗೆ ಅಂಟಿಸುವ ಹಾಗೆ. ಎಲ್ಲಿ, ಯಾವಾಗ ಸಿಕ್ಕಿತೆಂಬ ಚೀಟಿಯಿಲ್ಲದ ಎಲೆ ಬರೀ ಕಸ. ಹಾಡಿದವರ ಹೆಸರು, ವಯಸ್ಸು, ಊರು, ಯಾರಿಂದ ಕಲಿತರು, ಯಾವ ಹಬ್ಬದಲ್ಲಿ, ಮನೆಯ ಒಳಗೋ ಹೊಸ್ತಿಲ ಹೊರಗೋ, ಯಾರು ಎತ್ತಿಕೊಡುತ್ತಾರೆ ಯಾರು ತಿರುಗಿ ಹೇಳುತ್ತಾರೆ ಎಂಬುದೆಲ್ಲ ಬರೆಯಿರಿ. ಈಗ ಪ್ರತಿ ಮನೆಯಲ್ಲೂ ಮೊಬೈಲ್ ಇದೆ. ಗ್ರೇಂಜರ್ ಹೊತ್ತ ಯಂತ್ರಕ್ಕಿಂತ ಸಾವಿರ ಪಾಲು ಮೇಲು. ಆದರೆ ಒಪ್ಪಿಗೆ ಕೇಳಿ ರೆಕಾರ್ಡ್ ಮಾಡಿ. ಫ್ಯಾನ್ ಆರಿಸಿ, ಟಿ.ವಿ. ಆರಿಸಿ. ಒಂದೇ ಹಾಡನ್ನು ಎರಡು ಬೇರೆ ದಿನ ಹಾಡಿಸಿ. ಹಬ್ಬ ಮುಗಿದ ಮೇಲೆ ಆ ಪದ ಹಾಡಬಾರದು ಎನ್ನುವ ಹಿರಿಯರಿದ್ದರೆ ಒತ್ತಾಯ ಬೇಡ, ಮುಂದಿನ ದೀಪಾವಳಿಗೆ ಹೋಗಿ. ಅರ್ಥವಾಗದ ಮಾತನ್ನು ಕೇಳಿಸಿದ ಹಾಗೇ ಬರೆಯಿರಿ. ಬರೆದಾದ ಮೇಲೆ ಒಂದು ಪ್ರತಿ ಶಾಲೆಗೆ ಇರಲಿ, ಇನ್ನೊಂದನ್ನು ಹಾಡಿದವರ ಮನೆಗೇ ಕೊಟ್ಟು ಬನ್ನಿ. ಅಜ್ಜಿಗೆ ಓದಲು ಬಾರದಿದ್ದರೆ ಮನೆಯಲ್ಲಿ ಓದುವ ಮೊಮ್ಮಗಳು ಇರುತ್ತಾಳೆ.