ಗೃಹಾರೋಗ್ಯ: ತುತ್ತು ಇಳಿಯದ ಗಂಟಲು

ಮನೆಮಂದಿಯ ಊಟವೆಲ್ಲ ಮುಗಿದರೂ ಗೃಹಿಣಿಯ ಎಲೆಯಲ್ಲಿ ಅನ್ನವು ಹಾಗೆಯೇ ಉಳಿದಿರುವುದನ್ನು ನಾವು ಹಲವು ಮನೆಗಳಲ್ಲಿ ಕಂಡಿದ್ದೇವೆ. ‘ಆಕೆಯ ಊಟವೇ ನಿಧಾನ’ ಎಂದು ಎಲ್ಲರೂ ನಕ್ಕು ಸುಮ್ಮನಾಗುವರು. ಆಕೆಯಾದರೋ ರೊಟ್ಟಿಯನ್ನು ಬಿಟ್ಟು ಅನ್ನಕ್ಕೆ, ಅನ್ನವನ್ನು ಬಿಟ್ಟು ಗಂಜಿಗೆ ಇಳಿಯುವಳು. ಇದನ್ನು ಸ್ವಭಾವವೆಂದು ತಳ್ಳಿಹಾಕುವ ಮೊದಲು, ಆಕೆಯ ರಕ್ತದಲ್ಲಿ ಕಬ್ಬಿಣದ ಅಂಶವು ಸಾಕಷ್ಟಿದೆಯೇ ಎಂದು ಪರೀಕ್ಷಿಸುವುದು ಯೋಗ್ಯವು.

1919ರಲ್ಲಿ ಬ್ರಿಟನ್ನಿನ ಕಂಠವೈದ್ಯರಾದ ಪ್ಯಾಟರ್ಸನ್ ಮತ್ತು ಬ್ರೌನ್ ಕೆಲ್ಲಿಯವರು ಈ ವ್ಯಾಧಿಯನ್ನು ಬೇರೆಬೇರೆಯಾಗಿ ವರ್ಣಿಸಿದರು. ಅಮೆರಿಕದ ವೈದ್ಯರಾದ ಪ್ಲಮರ್ ಮತ್ತು ವಿನ್ಸನ್ ಅವರ ಹೆಸರಿನಿಂದಲೂ ಇದನ್ನು ಕರೆಯುವುದುಂಟು. ಕಬ್ಬಿಣದ ಕೊರತೆಯು ಬಹುಕಾಲ ನಿಂತವರಲ್ಲಿ, ಅನ್ನನಾಳದ ಮೇಲ್ತುದಿಯಲ್ಲಿ ತೆಳುವಾದ ಪೊರೆಯೊಂದು ಅಡ್ಡಲಾಗಿ ಬೆಳೆದು ದಾರಿಯನ್ನು ಕಿರಿದುಮಾಡುವುದು. ನೀರು, ಗಂಜಿ ಇಳಿಯುವುವು. ಗಟ್ಟಿ ತುತ್ತು ಸಾಮಾನ್ಯವಾಗಿ ನೋವಿಲ್ಲದೆಯೇ ಅಲ್ಲಿ ತಡೆಯುವುದು. ಬಿಳಚಿದ ಮುಖ, ನುಣುಪಾದ ನಾಲಿಗೆ, ಬಾಯಿಯ ಮೂಲೆಗಳಲ್ಲಿ ಬಿರುಕು, ಚಮಚದಂತೆ ಗುಳಿಬಿದ್ದ ಉಗುರು ಇವು ಇದರ ಸಂಗಾತಿಗಳು. ನಡುವಯಸ್ಸಿನ ಸ್ತ್ರೀಯರಲ್ಲಿಯೇ ಇದು ಹೆಚ್ಚು.

ಸಮಾಧಾನದ ಮಾತೆಂದರೆ, ಕಬ್ಬಿಣದ ಔಷಧದಿಂದಲೇ ಅನೇಕರಿಗೆ ಗುಣವಾಗುವುದು. ಪೊರೆಯು ಬಲವಾಗಿದ್ದರೆ ವೈದ್ಯರು ಗಂಟಲಿನೊಳಗೆ ನಳಿಕೆಯನ್ನು ಇಳಿಸಿ ದಾರಿಯನ್ನು ಹಿಗ್ಗಿಸುವರು.

ಆದರೆ ಕಬ್ಬಿಣವು ಕಡಮೆಯಾದುದೇಕೆಂಬುದನ್ನೂ ಕೇಳಲೇಬೇಕು. ಅಧಿಕವಾದ ಮುಟ್ಟು, ಮೇಲಿಂದ ಮೇಲೆ ಹೆರಿಗೆ, ಸತ್ವಹೀನ ಆಹಾರ ಇವು ಸಾಮಾನ್ಯ ಕಾರಣಗಳು. ಕೆಲವರಲ್ಲಿ ಮಾತ್ರ ದೇಹದ ರಕ್ಷಣಾಶಕ್ತಿಯು ಬೇಲಿಯೇ ಹೊಲವನ್ನು ಮೇಯ್ದಂತೆ ಸ್ವಂತ ಅಂಗಗಳನ್ನೇ ಕೆಡಿಸುವುದು. ಗೋಧಿಯಲ್ಲಿರುವ ಗ್ಲುಟೆನ್ ಒಗ್ಗದ ಸೀಲಿಯಾಕ್ ರೋಗದಲ್ಲಿ ಸಣ್ಣ ಕರುಳಿನ ಒಳಪೊರೆ ಕೆಡುವುದು. ಇನ್ನೊಂದು ಬಗೆಯಲ್ಲಿ ಜಠರದ ಒಳಪೊರೆ ಸವೆದು ಆಮ್ಲವು ಕುಗ್ಗುವುದು. ಎರಡರಲ್ಲಿಯೂ ಉಂಡ ಕಬ್ಬಿಣವು ರಕ್ತಕ್ಕೆ ಸರಿಯಾಗಿ ಸೇರದು. ಥೈರಾಯ್ಡ್ ಗ್ರಂಥಿಯ ಮತ್ತು ಕೀಲುಗಳ ಇಂತಹವೇ ರೋಗಗಳೂ ಕೆಲವರಲ್ಲಿ ಜೊತೆಗೆ ಕಂಡುಬಂದಿವೆ. ಆದುದರಿಂದ ಮಾತ್ರೆಗಳನ್ನು ನುಂಗಿದರೂ ರಕ್ತವು ಏರದಿದ್ದರೆ, ಇವುಗಳ ಪರೀಕ್ಷೆಯನ್ನು ಮಾಡಿಸತಕ್ಕದ್ದು.

ಉದಾಸೀನವು ಸಲ್ಲದೆಂಬುದಕ್ಕೆ ಇನ್ನೊಂದು ಕಾರಣವುಂಟು. ಈ ವ್ಯಾಧಿಯುಳ್ಳವರಲ್ಲಿ ಕೆಲವರಿಗೆ ಮುಂದೆ ಗಂಟಲಿನ ಅಥವಾ ಅನ್ನನಾಳದ ಕ್ಯಾನ್ಸರ್ ಬರುವುದುಂಟು. ಗುಣವಾದ ಮೇಲೆಯೂ ವೈದ್ಯರು ಹೇಳಿದ ಕಾಲಕ್ಕೆ ತೋರಿಸಿಕೊಳ್ಳಬೇಕು. ಒಂದು ಕಾಲಕ್ಕೆ ಸ್ವೀಡನ್ನಿನ ಸ್ತ್ರೀಯರಲ್ಲಿ ಬಹಳವಾಗಿದ್ದ ಈ ರೋಗವು, ಆಹಾರವು ಸುಧಾರಿಸಿದಂತೆ ಅಪರೂಪವಾಯಿತು.

ಊಟದೊಡನೆ ನಿಂಬೆಯ ಹುಳಿಯಿರಲಿ. ಊಟವಾದ ಕೂಡಲೇ ಕಾಫಿ, ಚಹ ಬೇಡ. ಎಲ್ಲಕ್ಕಿಂತ ಮುಖ್ಯವಾಗಿ, ಎಲ್ಲರಿಗೂ ಬಡಿಸಿ ಕಡೆಯಲ್ಲಿ ಉಣ್ಣುವವಳ ಎಲೆಯನ್ನು ಮನೆಯವರು ಒಮ್ಮೆ ನೋಡಲಿ ಎಂಬುದೇ ನಮ್ಮ ಬಿನ್ನಹವು.