ಖಾನಾಪುರದ ಮಳೆ, ನವಿಲುತೀರ್ಥದ ನೀರು, ಸವದತ್ತಿ ಗುಡ್ಡದ ಕರೆಂಟು: ಲೆಕ್ಕ ಯಾರದ್ದು?

ಬೆಳಗಾವಿ/ಖಾನಾಪುರ: ಕಣಕುಂಬಿ, ಜಾಂಬೋಟಿ ಕಡೆ ಬಿಡದೆ ಮಳೆ ಹೊಡೆದರೆ ಹಬ್ಬನಹಟ್ಟಿ ಆಂಜನೇಯನ ಗುಡಿ ಮಲಪ್ರಭೆಯಲ್ಲಿ ಮುಳುಗುತ್ತದೆ. ಅದರ ಬೆನ್ನಿಗೇ ಬೈಲಹೊಂಗಲ, ಸವದತ್ತಿ, ರಾಮದುರ್ಗದ ಪೇಟೆಗಳಲ್ಲಿ ಒಂದೇ ಮಾತು: "ಡ್ಯಾಂ ಎಷ್ಟ ಅಡಿ ಆತು?"

ಈಗ ಇದಕ್ಕೆ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ. ಸವದತ್ತಿ ಬಳಿ ಖಾಸಗಿ ಕಂಪನಿ ಗ್ರೀನ್ಕೊ ಕೈಗೆತ್ತಿಕೊಂಡಿರುವ ಪಂಪ್ಡ್ ಸ್ಟೋರೇಜ್ ವಿದ್ಯುತ್ ಯೋಜನೆಯೂ ಇದೇ ನೀರನ್ನೇ ನಂಬಿದೆ. ಹಂಗಾದ್ರ ಖಾನಾಪುರದ ಮಳೆಯಿಂದ ಯಾರಿಗೆ ಏನು ಸಿಗುತ್ತದೆ?

ಗೋದಾಮು ಇದ್ದಂಗ

ನವಿಲುತೀರ್ಥದ ರೇಣುಕಾಸಾಗರ ಜಲಾಶಯದ ಸಾಮರ್ಥ್ಯ 37.73 ಟಿಎಂಸಿ, ಪೂರ್ಣ ಮಟ್ಟ 2,079.50 ಅಡಿ. ಹೊಸ ಯೋಜನೆಗೆ ಇದೇ ಕೆಳಗಿನ ಟ್ಯಾಂಕಿ. ಗುಡ್ಡದ ಮೇಲೆ ಇನ್ನೊಂದು ಟ್ಯಾಂಕಿ. ಹಗಲಲ್ಲಿ ಸೋಲಾರ್ ಕರೆಂಟು ಅಗ್ಗಕ್ಕೆ ಸಿಗುವಾಗ ನೀರನ್ನು ಮೇಲೆತ್ತುವುದು, ಸಂಜೆ ಎಲ್ಲರೂ ದೀಪ, ಫ್ಯಾನು ಹಾಕುವ ಹೊತ್ತಿಗೆ ಕೆಳಗೆ ಬಿಟ್ಟು ಟರ್ಬೈನ್ ತಿರುಗಿಸುವುದು. ಮೊದಲ ಪ್ರಸ್ತಾವದಲ್ಲಿ ಇದರ ಸಾಮರ್ಥ್ಯ 1,260 ಮೆಗಾವ್ಯಾಟ್.

ಅಂಗಡಿಯವರ ಭಾಷೆಯಲ್ಲಿ ಹೇಳಬೇಕೆಂದರೆ ಇದು ಉಳ್ಳಾಗಡ್ಡಿ ಗೋದಾಮು. ಅಗ್ಗ ಇದ್ದಾಗ ತುಂಬಿಟ್ಟು ರೇಟು ಏರಿದಾಗ ಮಾರುವುದು. ನಡುವೆ ಒಂದಿಷ್ಟು ಕೊಳೆಯುತ್ತದೆ. ನೀರು ಎತ್ತಲು 100 ಯೂನಿಟ್ ಖರ್ಚಾದರೆ ವಾಪಸ್ ಬರುವುದು 75ರಿಂದ 80 ಯೂನಿಟ್.

ಎರಡು ತಪ್ಪು ತಿಳಿವಳಿಕೆ

ಲಿಂಗನಮಕ್ಕಿಯಲ್ಲಿ ಮಳೆ ಹೆಚ್ಚಾದರೆ ಕರೆಂಟೂ ಹೆಚ್ಚು. ಇಲ್ಲಿ ಹಾಗಲ್ಲ, ಅದೇ ನೀರು ಮೇಲೆ ಕೆಳಗೆ ಓಡಾಡುತ್ತದೆ. ಡ್ಯಾಂ ತುಂಬಿ ತುಳುಕಿದರೂ ಯೂನಿಟ್ ಆ ಪ್ರಮಾಣದಲ್ಲಿ ಏರುವುದಿಲ್ಲ.

"ಕಂಪನಿ ನಮ್ಮ ನೀರೆಲ್ಲಾ ಕುಡೀತದ" ಎಂಬುದೂ ಪೂರ್ತಿ ಸರಿಯಲ್ಲ. ಮೊದಲ ಸಲ ತುಂಬಿಸಲು ನೀರು ಬೇಕು. ಆಮೇಲೆ ಬಿಸಿಲಿಗೆ ಆರಿದ್ದು, ನೆಲಕ್ಕೆ ಇಂಗಿದ್ದನ್ನಷ್ಟೇ ತುಂಬಿಕೊಡಬೇಕು.

ಪ್ರವಾಹಕ್ಕೂ ಇದು ಮದ್ದಲ್ಲ. 11,574 ಕ್ಯೂಸೆಕ್ಸ್ ನೀರು ಒಂದು ದಿನ ಹರಿದರೆ 1 ಟಿಎಂಸಿ. ಒಳಹರಿವು 1 ಲಕ್ಷ ಕ್ಯೂಸೆಕ್ಸ್ ಮುಟ್ಟಿದರೆ ದಿನಕ್ಕೆ 8.64 ಟಿಎಂಸಿ. ಗುಡ್ಡದ ಮೇಲಿನ ಟ್ಯಾಂಕಿಗೆ ಅದನ್ನು ತಡೆಯುವ ಶಕ್ತಿ ಇಲ್ಲ. 2019ರ ಆಗಸ್ಟ್‌ನಲ್ಲಿ ರಾಮದುರ್ಗ ಕಂಡ ಪರಿಸ್ಥಿತಿ ಮತ್ತೆ ಬಂದರೆ ಗೇಟು ತೆರೆಯಲೇಬೇಕು.

ಅಸಲಿ ಪ್ರಶ್ನೆ ಬರಗಾಲದ್ದು

ಡ್ಯಾಂ ತುಂಬಿದ ವರ್ಷ ಯಾರಿಗೂ ಜಗಳವಿಲ್ಲ. ಆದರೆ ಈ ಜಲಾಶಯ ಎಷ್ಟೋ ವರ್ಷ ತುಂಬಿಲ್ಲ. ಅದಕ್ಕೇ 2015ರಲ್ಲಿ ನರಗುಂದದಲ್ಲಿ ರೈತರು ಕಳಸಾ-ಬಂಡೂರಿಗಾಗಿ ಧರಣಿ ಕೂತದ್ದು. 2018ರಲ್ಲಿ ಮಹದಾಯಿ ನ್ಯಾಯಮಂಡಳಿ ಮಲಪ್ರಭೆಗೆ ತಿರುಗಿಸಲು 3.9 ಟಿಎಂಸಿ ಕೊಟ್ಟಿತು. 2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223 ಬರಪೀಡಿತ ಎಂದು ಘೋಷಣೆಯಾದವು.

ಅಂಥ ವರ್ಷದಲ್ಲಿ ಮೇಲಿನ ಟ್ಯಾಂಕಿಯಲ್ಲಿರುವ ನೀರು ಯಾರದ್ದು? 1 ಟಿಎಂಸಿ ಎಂದರೆ ಸುಮಾರು 2,831 ಕೋಟಿ ಲೀಟರ್. ಹುಬ್ಬಳ್ಳಿ-ಧಾರವಾಡದ ನಲ್ಲಿಗಳು, ಕಾಲುವೆ ಕೊನೆಯ ಹೊಲಗಳು ಇದೇ ಡ್ಯಾಂ ನೋಡಿಕೊಂಡಿವೆ. ಮೊದಲು ಕುಡಿಯುವ ನೀರು, ಆಮೇಲೆ ಹೊಲ, ಆಮೇಲೆ ಕರೆಂಟು ಎಂಬ ಸಾಲು ಬರೀ ಬಾಯಿಮಾತಲ್ಲಿ ಇದ್ದರೆ ಸಾಲದು. ಯಾವ ಮಟ್ಟಕ್ಕೆ ಇಳಿದಾಗ ಪಂಪು ನಿಲ್ಲಿಸಬೇಕು, ಮೇಲಿನ ನೀರು ಇಳಿಸುವ ಆದೇಶ ಯಾರು ಕೊಡಬೇಕು ಎಂಬುದು ಕನ್ನಡದಲ್ಲಿ ಬರೆದು ಪಂಚಾಯಿತಿ ಗೋಡೆ ಮೇಲೆ ಹಚ್ಚುವಂತಿರಬೇಕು.

ಖಾನಾಪುರಕ್ಕೆ ಏನು?

ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಕಾಡಂಚಿನ ಊರುಗಳು ಕತ್ತಲಲ್ಲೇ ಕೂರುತ್ತವೆ. ಸವದತ್ತಿಯ ಕರೆಂಟು ಹೋಗುವುದು ದೊಡ್ಡ ಗ್ರಿಡ್ಡಿಗೆ. ಅದರಿಂದ ಇಲ್ಲಿನ ಕಂಬ ಗಟ್ಟಿಯಾಗುವುದಿಲ್ಲ. ಆ ಕೆಲಸ ಹೆಸ್ಕಾಂನದ್ದು: ಕಂಬ, ತಂತಿ, ಟಿಸಿ, ಲೈನ್‌ಮನ್.

ನದಿ ಹುಟ್ಟಿಸಿಕೊಟ್ಟ ತಾಲೂಕಿಗೆ ಡ್ಯಾಂ ತುಂಬಿದ ಖುಷಿ ಇರಲಿ. ಬಾಗಿನ ಕೊಡಲು ಬರುವ ಜನಪ್ರತಿನಿಧಿಗಳಿಗೆ ಕೇಳಬೇಕಾದ್ದು ಮಾತ್ರ ಎರಡೇ ಮಾತು: ಬರ ಬಂದ ವರ್ಷ ನೀರಿನ ಸಾಲಿನಲ್ಲಿ ಮೊದಲು ಯಾರು? ಮಳೆ ಬಂದ ರಾತ್ರಿ ಖಾನಾಪುರದಾಗ ದೀಪ ಹತ್ತೋದು ಯಾವಾಗ?